ಹಾಲು ಬಿಟ್ಟ ಮನೆ

ಮಗಳಿಗೆ ಮೂರು ತುಂಬುವಷ್ಟರಲ್ಲಿ ಮೊಣಕೈ ಮಡಿಕೆ, ಮಂಡಿಯ ಹಿಂಭಾಗವೆಲ್ಲ ಇಸುಬು ಎದ್ದು ಕೆಂಪಾಗಿತ್ತು. ತುರಿಸಿ ತುರಿಸಿ ಗಾಯ ಮಾಡಿಕೊಳ್ಳುತ್ತಿದ್ದಳು. ಪುಣೆಯಲ್ಲಿ ನಾವು ತೋರಿಸುತ್ತಿದ್ದ ಮಕ್ಕಳ ಡಾಕ್ಟರು ಮುಲಾಮು, ಕ್ರೀಮು ಬರೆದುಕೊಟ್ಟು, ಸ್ವಲ್ಪ ದಿನ ಹಾಲು ನಿಲ್ಲಿಸಿ ನೋಡೋಣ ಎಂದರು. ಮಗುವಿಗೆ ಆಸೆಯಾಗಬಾರದೆಂದು ಇಡೀ ಮನೆಯೇ ಹಾಲು ಬಿಡಬೇಕೆಂದು ನಾನು ತೀರ್ಮಾನಿಸಿಬಿಟ್ಟೆ.

ಬಾಗಲಕೋಟೆ ಕಡೆಯ ನಮ್ಮತ್ತೆಗೆ ಇದು ನೇರವಾಗಿ ಚಹಾಕ್ಕೇ ಬಿದ್ದ ಪೆಟ್ಟು. ಕರಿ ಚಹಾ ಗುಟುಕರಿಸಿ, “ಬೋಗುಣಿ ತೊಳದ ನೀರು ಕುಡದಂಗ ಅದ” ಎಂದರು. ಆದರೂ ಮೊಮ್ಮಗಳ ಹೊಟ್ಟೆಯ ಹೊಣೆ ತಾವೇ ಹೊತ್ತರು. ಹೊಟ್ಟೆ ನೆಟ್ಟಗಿದ್ದರೆ ಮೈ ತಾನೇ ನೆಟ್ಟಗಾಗುತ್ತದೆ ಎಂದು ದಿನವೂ ಜೋಳದ ಹಿಟ್ಟು ಕಲಸಿಟ್ಟು, ಹುಳಿ ಬಂದ ಮೇಲೆ ಅಂಬಲಿ ಕಾಸುತ್ತಿದ್ದರು. ಹುಳಿ ಬಂದದ್ದರಲ್ಲಿ ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳಿರುತ್ತವೆ ಎಂದು ನನ್ನ ಗಂಡ ಫೋನು ನೋಡಿ ಹೇಳಿದಾಗ, ತಮ್ಮ ಅಂಬಲಿಯಲ್ಲಿ ಹುಳವಿಲ್ಲ ಎಂದು ಅತ್ತೆ ಎರಡು ದಿನ ಮುನಿಸಿಕೊಂಡಿದ್ದರು.

ಆಮೇಲೆ ಅತ್ತೆ ಸಂಜೆಯಾದರೆ ಎಲ್ಲರೂ ಕಾಕು ಎಂದು ಕರೆಯುವ ಕೆಳಗಿನ ಮನೆಯ ಮರಾಠಿ ಹೆಂಗಸಿನ ಹತ್ತಿರ ಅಭಂಗ ಕಲಿಯಲು ಹೋಗತೊಡಗಿದರು. ಒಂದು ಸಾಲು ಹಾಡಿದ್ದನ್ನೂ ನಾವು ಕೇಳಲಿಲ್ಲ. ಒಂದು ಸಂಜೆ ಬಂದವರೇ ಮೊಮ್ಮಗಳನ್ನು ಎತ್ತಿ ಮುದ್ದಿಸಿದರು. ಅವಳು ಅವರ ಬಾಯಿಗೆ ಮೂಗು ಹಚ್ಚಿ ಮೂಸಿ ನೋಡಿದಳು.

“ಅಜ್ಜಿ, ನೀ ಹಾಲಿನ ಚಹಾ ಕುಡದಿ. ನಿನಗೂ ತುರಸ್ತದ ಈಗ.”

“ಅರ್ಧಾ ಕಪ್ ಅಷ್ಟ, ಪುಟ್ಟಿ. ಬ್ಯಾಡ ಅಂದ್ರ ಕಾಕು ಬ್ಯಾಸರ ಮಾಡ್ಕೋತಾರಂತ,” ಎಂದರು ಅತ್ತೆ, ನನ್ನ ಮುಖ ನೋಡದೆ.

ಮಗಳು ಓಡಿಹೋಗಿ ತನ್ನ ಕ್ರೀಮಿನ ಡಬ್ಬಿ ತಂದು ಅಜ್ಜಿಯ ಮೊಣಕೈಗೆಲ್ಲ ಮೆತ್ತಿದಳು. ಅತ್ತೆ ತೆಪ್ಪಗೆ ಕೈ ಚಾಚಿ ಕೂತಿದ್ದರು. ನನ್ನ ಗಂಡ ನಗು ತಡೆಯಲಾರದೆ ಬಾಲ್ಕನಿಗೆ ಹೋದರು.

ಇಸುಬು ಇಳಿದ ಮೇಲೆ ಡಾಕ್ಟರು ಹೇಳಿದಂತೆ ಮತ್ತೆ ಹಾಲು ಕೊಟ್ಟು ನೋಡಿದೆವು. ಏನೂ ಆಗಲಿಲ್ಲ. ಸ್ನಾನವಾದ ಕೂಡಲೇ ತಪ್ಪದೆ ಕ್ರೀಮು ಹಚ್ಚಿದ್ದರಿಂದ ಗುಣ ಕಂಡಿದೆ, ಹಾಲಿನದೇನೂ ತಪ್ಪಿಲ್ಲ ಎಂದರು ಅವರು. ಅತ್ತೆ ಮಾತ್ರ ಊರಿಗೆಲ್ಲ ಫೋನು ಮಾಡಿ ಅಂಬಲಿಯಿಂದ ಇಸುಬು ಹೋಯಿತೆಂದು ಸಾರಿದರು. ಚಳಿಗಾಲದಲ್ಲಿ ಅದು ಸ್ವಲ್ಪ ಮರುಕಳಿಸುವುದನ್ನು ಯಾರಿಗೂ ಹೇಳುವುದಿಲ್ಲ. ನಾನೂ ವಾದಕ್ಕೆ ಹೋಗಲಿಲ್ಲ. ಮಗಳು ಅಂಬಲಿಯನ್ನು ಎರಡೆರಡು ಸಲ ಹಾಕಿಸಿಕೊಂಡು ಕುಡಿಯುತ್ತಾಳೆ.