ಆ ಇಪ್ಪತ್ತೈದು ಹಿತ್ತಾಳೆ ಕೇಸುಗಳು

ನಿಮ್ಮ ಬಲಗಣ್ಣು ಹೋದದ್ದು ನನ್ನಿಂದ. ಮೂರು ವರ್ಷದಿಂದ ನಿಮ್ಮಲ್ಲೇ ಹುಡುಕಿಕೊಳ್ಳುತ್ತಿದ್ದೀರಲ್ಲ, ಆ ತಪ್ಪು ನಿಮ್ಮಲ್ಲಿಲ್ಲ — ನನ್ನಲ್ಲಿದೆ. ಹೇಳಬಹುದಾಗಿತ್ತು, ಎಷ್ಟೋ ಸಲ. ಹೇಳಲಿಲ್ಲ.

ಕೊರೊನಾ ಕಾಲದಲ್ಲಿ ಅಮೆರಿಕದ ಈ ಲಾರೆನ್ಸ್‌ವಿಲ್‌ನ ಯಾವ ಅಂಗಡಿಯಲ್ಲೂ ನಿಮ್ಮ ರೈಫಲ್ಲಿಗೆ ಗುಂಡು ಸಿಗದೆ ಹೋದಾಗ, ಗ್ಯಾರೇಜಿನಲ್ಲಿ ನೀವೇ ಮದ್ದು ತುಂಬಿ ಗುಂಡು ಮಾಡಿಕೊಳ್ಳಲು ಶುರುಮಾಡಿದಿರಿ. ದೇವರ ಕೋಣೆ ಇರುವ ಮನೆಯಲ್ಲಿ ಮದ್ದು ಯಾಕೆ ಎಂದು ನಾನು ಮುಖ ಊದಿಸಿಕೊಂಡಿದ್ದೆ. "ನಾನು ಹೊಡೆಯೋದು ಕಾಗದಕ್ಕೆ ಮಾರಾಯ್ತಿ. ಕಾಗದಕ್ಕೆ ಜೀವ ಉಂಟಾ?" ಎಂದು ನಗಿಸಿದ್ದಿರಿ. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೊಳವೆಯನ್ನು — ಅದಕ್ಕೆ ಕೇಸ್ ಎನ್ನುತ್ತಿದ್ದಿರಿ — ನನ್ನ ಅಂಗೈ ಮೇಲಿಟ್ಟು ಅದರ ತಳ ಓದಲು ಕಲಿಸಿದವರೂ ನೀವೇ.

"ನಡುವೆ ಈ ಪುಟ್ಟ ಬಟ್ಟಲು ಕಾಣ್ತದಾ? ಇದು ಪ್ರೈಮರ್, ಮದ್ದಿಗೆ ಕಿಡಿ ಕೊಡೋದು. ಅಂಚು ಉರುಟಾಗಿ ಉಂಟು, ಸೇಫ್. ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ ಆದ್ರೆ ಒಳಗೆ ಪ್ರೆಷರ್ ಜಾಸ್ತಿ ಆಗಿದೆ ಅಂತ. ಇಲ್ಲಿ ತಳದಲ್ಲಿ ಹೊಳೆಯೋ ಗೀರು ಬಂತೋ, ಅಲ್ಲಿಗೆ ಸ್ಟಾಪ್, ಮತ್ತೆ ಮದ್ದು ಏರಿಸ್ಲಿಕ್ಕಿಲ್ಲ."

"ಅಂದ್ರೆ ಇವಕ್ಕೂ ಜಾತಕ ಉಂಟಾ?"

"ಉಂಟು. ಆದ್ರೆ ಇದು ಸುಳ್ಳು ಹೇಳೋದಿಲ್ಲ."

"ನಮ್ಮ ಮದ್ವೆಯೂ ಜಾತಕ ನೋಡಿಯೇ ಅಲ್ವಾ ಮಾಡಿದ್ದು!"

"ಅದಕ್ಕೇ ಹೇಳಿದ್ದು!"

ಎಷ್ಟು ನಕ್ಕಿದ್ದೆವು ಆ ದಿನ. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ — ನೀವು ಕಲಿಸಿದ್ದಿರಿ.

ಆ ಗುರುವಾರ ಸಂಜೆ ನೀವು ಹೊಸ ಮದ್ದನ್ನು ಪರೀಕ್ಷೆ ಮಾಡಿ, ಗುರಿ ಹೊಡೆಯುವ ರೇಂಜಿನಿಂದ ಬಂದಿರಿ. ಟ್ರೇಯಲ್ಲಿ ಐದು ಸಾಲು, ಸಾಲಿಗೆ ಐದು ಕೇಸು. ಒಂದೊಂದು ಸಾಲಿಗೂ ಮದ್ದು ಚೂರು ಚೂರೇ ಹೆಚ್ಚು. ಬೆಳಕು ಕಡಿಮೆಯಿದೆ, ನಾಳೆ ಸರಿಯಾಗಿ ನೋಡುತ್ತೇನೆ ಎಂದು ಅದನ್ನು ಮೇಜಿನ ಮೇಲಿಟ್ಟು ಒಳಗೆ ಬಂದಿರಿ. ಮರುದಿನ ಶುಕ್ರವಾರ. ನೀವು ಕೆಲಸಕ್ಕೆ ಹೋದ ಮೇಲೆ ನಾನು ಎಂದಿನಂತೆ ದೇವರ ದೀಪಗಳಿಗೆ ಹುಣಸೆಹುಳಿ, ಉಪ್ಪು ಹಚ್ಚಿ ಉಜ್ಜಲು ಕೂತೆ. ದೀಪವೂ ಹಿತ್ತಾಳೆ, ನಿಮ್ಮ ಕೇಸೂ ಹಿತ್ತಾಳೆ. ಮಸಿ ಹಿಡಿದ ಹಿತ್ತಾಳೆಯನ್ನು ಕಂಡೂ ಸುಮ್ಮನಿರಲು ನನ್ನ ಕೈಗೆ ಬರುವುದಿಲ್ಲ. ಥಳಥಳ ಹೊಳೆಯುವಂತೆ ಮಾಡಿಟ್ಟರೆ ನಿಮಗೆ ಖುಷಿಯಾದೀತು ಎಂದು — ಟ್ರೇಯನ್ನು ಅದೇ ಹುಳಿನೀರಿನ ಬೋಗುಣಿಗೆ ಬಗ್ಗಿಸಿಬಿಟ್ಟೆ.

ಒಂದೊಂದನ್ನೂ ನಾರಿನಿಂದ ಉಜ್ಜಿ, ಒರೆಸಿ, ಟ್ರೇ ಕೈಗೆತ್ತಿಕೊಂಡಾಗಲೇ ಹೊಳೆದದ್ದು: ಯಾವುದು ಯಾವ ಸಾಲಿನದು?

ಕೆಲವು ಪ್ರೈಮರುಗಳು ಚಪ್ಪಟೆಯಾಗಿದ್ದವು. ಅದು ನನಗೂ ಕಂಡಿತು. ಆದರೆ ತಳದ ಹೊಳೆಯುವ ಗೀರು? ಈಗ ಎಲ್ಲ ತಳವೂ ಒಂದೇ ಸಮ ಹೊಳೆಯುತ್ತಿತ್ತು. ಕೈಗೆ ಸಿಕ್ಕ ಹಾಗೆ ಐದೈದು ಜೋಡಿಸಿ ಇಟ್ಟುಬಿಟ್ಟೆ.

ಇಲ್ಲಿಯವರೆಗೆ ಅದು ಬರೀ ದಡ್ಡತನ. ಸಂಜೆ ನೀವು ಬಂದು ನೋಡಿ ನಕ್ಕಿರಿ. "ಇದಕ್ಕೂ ಅಭಿಷೇಕ ಆಯ್ತಾ? ಆಯ್ತು ಬಿಡು. ಸಾಲು ಮಾತ್ರ ಹಾಗೇ ಉಂಟಲ್ಲ?"

ಹಿಟ್ಟು ರುಬ್ಬುತ್ತಾ, ತಿರುಗಿಯೂ ನೋಡದೆ ನಾನು ಹೇಳಿದೆ: "ಹೂಂ ರೀ, ಒಂದೊಂದೇ ತೆಗೆದು ಇದ್ದ ಜಾಗಕ್ಕೇ ಇಟ್ಟೆ."

ಇಷ್ಟೇ ಮಾತು. ನೀವು ಬೈಯುವವರೂ ಅಲ್ಲ. "ಛೆ, ಇನ್ನೊಮ್ಮೆ ಹೊಡ್ದು ನೋಡ್ತೇನೆ" ಎನ್ನುತ್ತಿದ್ದಿರಿ, ಮುಗಿಯುತ್ತಿತ್ತು. ಅಷ್ಟು ಸಣ್ಣ ಮುಜುಗರ ತಪ್ಪಿಸಿಕೊಳ್ಳಲು ನಾನು —

ಅರ್ಧ ಗಂಟೆ ನೀವು ಭೂತಗನ್ನಡಿ ಹಿಡಿದು ಕೂತಿರಿ. ಚಪ್ಪಟೆಯಾದವು ಮೊದಲ ಸಾಲಿನಲ್ಲಿ ಒಂದು, ಮೂರನೆಯದರಲ್ಲಿ ಎರಡು, ಹೀಗೆ ಚದುರಿಹೋಗಿದ್ದವು. ಕೊನೆಯ ಸಾಲಿನಲ್ಲಿ ಒಂದೂ ಇರಲಿಲ್ಲ. "ವಿಚಿತ್ರ. ಕೊನೆ ಸಾಲಿಗೆ ರೈಫಲ್ಲಿನ ಬೋಲ್ಟ್ ಎತ್ತುವಾಗ ಸ್ವಲ್ಪ ಬಿಗಿ ಅನ್ನಿಸಿತ್ತು. ಆದ್ರೆ ಹಿತ್ತಾಳೆ ಸರಿ ಉಂಟು ಅಂತ ಹೇಳ್ತದೆ. ಈ ಪ್ರೈಮರ್ ಲೋಹವೇ ಮೆತ್ತಗಿರ್ಬೇಕು." ನಿಮ್ಮ ಕೈ ನಿಜ ಹೇಳಿತ್ತು, ಆ ಸಾಲಿಗೆ ಮದ್ದು ಮಿತಿಮೀರಿತ್ತು. ನೀವು ಅದನ್ನು ಬಿಟ್ಟು ನನ್ನ ಮಾತನ್ನು ನಂಬಿದಿರಿ. ಗುರಿ ಚೆನ್ನಾಗಿ ಕೂತದ್ದು ಆ ಕೊನೆಯ ಅಳತೆಗೇ. ಅದರಂತೆಯೇ ಇಪ್ಪತ್ತು ತುಂಬಿದಿರಿ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಗಲೂ ಹೇಳಬಹುದಿತ್ತು.

ಎರಡು ವಾರದ ಮೇಲೆ, ಆಗಸ್ಟಿನ ಸುಡುಬಿಸಿಲು. ಗುಂಡಿನ ಡಬ್ಬಿ ಬಿಸಿಲಲ್ಲೇ ಇದ್ದು ಮದ್ದು ಕಾದು ಒತ್ತಡ ಇನ್ನೂ ಏರಿತ್ತಂತೆ, ಬೆವರಿಗೆ ಮಂಜಾಯಿತೆಂದು ನೀವು ಕನ್ನಡಕವನ್ನು ಹಣೆಗೇರಿಸಿದ್ದಿರಂತೆ. ಮೂರನೆಯ ಗುಂಡಿಗೆ ಕೇಸಿನ ತಳ ಒಡೆದು ಬೆಂಕಿಯಂಥ ಗಾಳಿ, ಹಿತ್ತಾಳೆಯ ಚೂರು ಹಿಂದಕ್ಕೆ ನುಗ್ಗಿದವು. ಡಾಕ್ಟರು ಕಣ್ಣುಗುಡ್ಡೆ ಉಳಿಸಿದರು. ನೋಟ ಉಳಿಸಲು ಆಗಲಿಲ್ಲ.

ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ನಾನು ದೇವರ ಉಪಕಾರಗಳನ್ನು ಎಣಿಸಿದೆ — ಎಡಗಣ್ಣು ಉಳಿಯಿತು, ಪಕ್ಕದಲ್ಲಿ ಯಾರೂ ಇರಲಿಲ್ಲ, ಮನೆಗೆ ಬರುತ್ತೀರಿ. ಎಲ್ಲವೂ ನಿಜ. ಆದರೆ ಎಣಿಸುತ್ತಾ ಎಣಿಸುತ್ತಾ ನಾನು ಅವುಗಳ ಹಿಂದೆ ಅಡಗಿಕೊಂಡೆ. ಈಗ ದೀಪ ಹಚ್ಚಿ ಕೈಮುಗಿದರೆ ಬಾಯಿಗೆ ಒಂದು ಶ್ಲೋಕವೂ ಬರುವುದಿಲ್ಲ. ಸುಳ್ಳಿನ ಬಾಯಿಂದ ಅವನನ್ನು ಹೇಗೆ ಕರೆಯಲಿ?

ಕಣ್ಣಿಗಿಂತ ದೊಡ್ಡದನ್ನೇ ನಾನು ಕಿತ್ತುಕೊಂಡೆ. ಲ್ಯಾಬಿನಲ್ಲಿ ಯಂತ್ರಗಳ ಅಳತೆ ಸರಿಪಡಿಸುತ್ತಿದ್ದ ನೀವು ಈಗ ಎಲ್ಲ ರಿಪೋರ್ಟನ್ನೂ ಇನ್ನೊಬ್ಬರಿಂದ ನೋಡಿಸಿಯೇ ಸಹಿ ಹಾಕುತ್ತೀರಿ. ಒಲೆ ಆರಿಸಿದ್ದೀರೋ ಇಲ್ಲವೋ ಎಂದು ಮೂರು ಸಲ ಎದ್ದು ಹೋಗುತ್ತೀರಿ. ಹೈವೇಯಲ್ಲಿ ಲೇನ್ ಬದಲಿಸುವ ಮೊದಲು "ನೀನೇ ನೋಡಿ ಹೇಳು, ನನ್ನ ಲೆಕ್ಕಾಚಾರದ ಮೇಲೆ ನಂಗೆ ನಂಬಿಕೆ ಇಲ್ಲ" ಎನ್ನುತ್ತೀರಿ — ನನಗೆ! ನನ್ನನ್ನು ನಂಬಿ!

ಮೊನ್ನೆ ರೇಂಜಿನವರು ಹೊಸಬರಿಗೆ ನಾಲ್ಕು ಮಾತು ಹೇಳಲು ಕರೆದಿದ್ದಾರೆ ಎಂದಿರಿ. ಈ ಶನಿವಾರ. "ಎಲ್ಲರ ಎದುರು ಹೇಳ್ತೇನೆ. ಗುರುತು ಕಣ್ಣೆದುರೇ ಇತ್ತು, ನನಗೆ ಓದ್ಲಿಕ್ಕೆ ಆಗ್ಲಿಲ್ಲ ಅಂತ." ಎಷ್ಟು ಶಾಂತವಾಗಿ ಹೇಳಿದಿರಿ. ನಾನು ತಟ್ಟೆ ತೊಳೆಯುತ್ತಲೇ ಇದ್ದೆ.

ಇಲ್ಲ. ನೀವು ಸರಿಯಾಗಿಯೇ ಓದಿದಿರಿ. ಓದಲು ನಾನು ಕೊಟ್ಟದ್ದೇ ಸುಳ್ಳು.

ಇದನ್ನು ನಿಮ್ಮ ದಿಂಬಿನ ಮೇಲಿಟ್ಟು ದೇವಸ್ಥಾನಕ್ಕೆ ಹೋಗಿಬಿಡೋಣ ಎಂದುಕೊಂಡಿದ್ದೆ. ಅದೂ ಹೇಡಿತನವೇ. ಈ ಮೂರು ವರ್ಷ ಊಟಕ್ಕೆ, ಸೋಫಾದಲ್ಲಿ, ಎಲ್ಲಿಯೇ ಆಗಲಿ, ನಾನು ನಿಮ್ಮ ಬಲಗಡೆಗೇ ಕೂರುತ್ತೇನೆ. ನೀವು ಗಮನಿಸಿದ್ದೀರೋ ಇಲ್ಲವೋ. ಆ ಕಡೆಯಿಂದ ನನ್ನ ಮುಖ ನಿಮಗೆ ಕಾಣುವುದಿಲ್ಲ.

ಇವತ್ತು ನೀವು ಕೆಲಸದಿಂದ ಬಂದ ಮೇಲೆ ಎಡಗಡೆ ಕೂತು ಇದನ್ನು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಓದುವಾಗ ಮುಖ ತಿರುಗಿಸುವುದೂ ಇಲ್ಲ.