ಕಡ ತಂದ ಕೂಸು

ಸಿದ್ದಾಪುರದ ಗೌರಕ್ಕನ ಮೊಮ್ಮಗಳು ಹುಟ್ಟಿದಾಗಿಂದ ಸಣಕಲು. ಆಶಾ ಕಾರ್ಯಕರ್ತೆ ಹುಡುಗಿ ವಾರಕ್ಕೊಮ್ಮೆ ತೂಕ ಮಾಡಾಕ ಅವರ ಮನಿಗೇ ಹೋಗ್ತಿದ್ಲು. ಅಂಗನವಾಡಿ ಆಯಾ ನಾನು, ತಕ್ಕಡಿ ಹೊತ್ಕೊಂಡು ಜೋಡಿ ಹೋಗ್ತಿದ್ದೆ.

ಒಂದಿನ ಗೌರಕ್ಕ ಅರಿವ್ಯಾಗ ಸುತ್ತಿದ ದುಂಡನ ಕೂಸು ತಂದ್ಲು. "ನೋಡ್ರಿ ಬಾಯಾರ, ಮೊಮ್ಮಗಳು ಹೆಂಗ ಮೈ ಹಿಡದಾಳ!"

"ಅರಿವಿ ಬಿಚ್ಚಬೇಕಲ್ರಿ" ಅಂದ್ಲು ಆಶಾ ಹುಡುಗಿ.

"ಬ್ಯಾಡವಾ, ದೃಷ್ಟಿ ಆಕ್ಕೈತಿ."

ನಾನ ಬಿಚ್ಚಿದೆ. ಕೂಸು ಕಾರಂಜಿಯಂಗ ಉಚ್ಚಿ ಹಾರಿಸ್ತು, ನೆಟ್ಟಗ ಗೌರಕ್ಕನ ಮಾರಿಗೆ.

"ಯವ್ವಾ, ಮೊಮ್ಮಗಳು ಯಾವಾಗ ಗಂಡಾದ್ಲು?" ಅಂದೆ.

ಅದು ಬಾಜು ಮನಿ ಫಾತಿಮಾನ ಮಗ! "ಈ ವಾರ ಮತ್ತಷ್ಟು ಸೊರಗಿದ ಕೂಸು ತೋರ್ಸಿದ್ರ ಮಂದಿ ನಗ್ತಾರ" ಅಂತ ಗೌರಕ್ಕ ಅತ್ಲು. ಒಳಗ ಆಕಿ ಮೊಮ್ಮಗಳು ಹಾಲು ಎಳಿಯೂ ತ್ರಾಣ ಇಲ್ಲದಂಗ ಮಲಗಿತ್ತು. ಅವತ್ತ ಕೂಸನ್ನೂ ಅದರ ತಾಯಿನ್ನೂ ಗಂಗಾವತಿ ದವಾಖಾನಿಗೆ ಒಯ್ದ್ವಿ. ಕೂಸು ಉಳೀತು.

ಈಗ ಅದೂ ದುಂಡಗಾಗೈತಿ. ಆದ್ರೂ ನಾ ಅರಿವಿ ಬಿಚ್ಚಿ ನೋಡೇ ತಕ್ಕಡಿಗೆ ಹಾಕ್ತೀನಿ. ಈ ಮಾತು ಯಾರಿಗೂ ಹೇಳಿಲ್ರಿ, ಕೇಳಿದವರಿಗಷ್ಟ ಹೇಳೀನಿ.