ಗಾಡಿ ಯಾವುದು?

ಲಾಕ್‌ಡೌನಿನ ಹಿಂದಿನ ಸಂಜೆ ಬಿಬವೇವಾಡಿಯ ನಮ್ಮ ಮನೆಯಲ್ಲಿ, ನಾನು ಅಣ್ಣ ಎಂದು ಕರೆಯುತ್ತಿದ್ದ ಮೇಲಿನ ಮಹಡಿಯವರು ಚಹಾ ಕುಡಿಯುತ್ತ ಕೂತಿದ್ದರು. ಆಸ್ಪತ್ರೆಯೊಂದರಲ್ಲಿ ತಲೆಗೆ ಪೆಟ್ಟಾಗಿ ಬಂದವರ ವಿವರ ಬರೆದುಕೊಳ್ಳುವುದು ಅವರ ಕೆಲಸ. ಎಲ್ಲರಿಗೂ ಮೊದಲ ಪ್ರಶ್ನೆ, “ಗಾಡಿ ಯಾವ್ದ್ರಿ?” ಪುಣೆಯಲ್ಲಿ ತಲೆ ಒಡೆಯಲು ಬೇರೆ ಕಾರಣವೇ ಇಲ್ಲವೆಂದು ಅವರ ನಂಬಿಕೆ. ಅಂಗಳದಲ್ಲಿ ಮಗು ಎಡವಿ ಬಿದ್ದರೂ ಅದನ್ನೇ ಕೇಳಿ, ಕನ್ನಡಕವನ್ನು ಹಣೆಗೇರಿಸಿ ತಾವೇ ನಗುತ್ತಿದ್ದರು.

“ನಾಳಿಂದ ನನಗ ಕೆಲಸ ಇಲ್ಲ ನೋಡ್ರಿ,” ಎಂದರು ಅವತ್ತು. “ರಸ್ತೆ ಖಾಲಿ ಅಂದ್ರ ಎಲ್ಲಾರ ತಲಿ ಭದ್ರ.”

“ಹಂಗಾದ್ರ ಅಲ್ಲಿ ಕೂತು ನೊಣಾ ಹೊಡೀತೀರೇನ್ರಿ?” ಎಂದು ನನ್ನ ಗಂಡ ಕಾಡಿಸಿದರು.

ಅವರ ಮಾತು ಅರ್ಧ ಮಾತ್ರ ನಿಜವಾಯಿತು. ರಸ್ತೆಯಿಂದ ಬರುವವರು ಕಡಿಮೆಯಾದರು. ಆದರೆ ಮನೆಗಳಿಂದ ಬರತೊಡಗಿದರು, ತಾರಸಿಯಿಂದ ಬಿದ್ದವರು, ಬಚ್ಚಲಲ್ಲಿ ಜಾರಿದವರು. ಸುಮ್ಮನೆ ಕೂರಲಾಗದ ನನ್ನ ಗಂಡ ಎರಡನೇ ವಾರ ಫ್ಯಾನು ಒರೆಸಲು ಸ್ಟೂಲು ಹತ್ತಿ, ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು.

ಆಸ್ಪತ್ರೆಯ ಕಿಟಕಿಯಲ್ಲಿ ಮೇಲಿನ ಮಹಡಿಯವರೇ ಇದ್ದರು. ಮಾಸ್ಕು ಹಾಕಿದ್ದ ನನ್ನ ಗುರುತು ಹತ್ತದೆ, ತಲೆಯೆತ್ತದೆ ಮರಾಠಿಯಲ್ಲಿ ಕೇಳಿದರು: “ಗಾಡಿ ಕೋಣ್ತಿ?”

“ಸ್ಟೂಲ್ ರೀ, ಅಣ್ಣಾ.”

ಪೆನ್ನು ನಿಂತಿತು. “ಅಯ್ಯ ವೈನೀ, ನೀವಾ?”

ಫಾರ್ಮಿನ ಆ ಅಂಕಣವನ್ನು ಖಾಲಿ ಬಿಡುವಂತಿರಲಿಲ್ಲ. ವಾಹನ ಎಂಬುದರ ಮುಂದೆ ಸ್ಟೂಲು ಎಂದು ಬರೆದರು. ಆಮೇಲೆ ಎದ್ದು ಬಂದು ಸ್ಟ್ರೆಚರನ್ನು ತಾವೇ ತಳ್ಳಿದರು.

ಮೂರನೇ ದಿನ ನನ್ನ ಗಂಡ ತೀರಿಕೊಂಡರು. ಮೇಲಿನ ಮಹಡಿಯವರು ಆಮೇಲೆ ಮನೆ ಬದಲಿಸಿ ಊರಿನ ಆಚೆ ತುದಿಯ ನಿಗಡಿ ಬಡಾವಣೆಗೆ ಹೋದರು. ಆ ಪ್ರಶ್ನೆಯನ್ನು ಅವರ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ.

ಈಗ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನೆದುರು ಯಾರೂ ಇಲ್ಲ.